ಹಿತ್ತಲ ಹೇಂಟೆಯ ಹಕ್ಕು



ಮೀಡಿಯಾಸಿಟಿಯ ಗಾಜಿನ ಕಟ್ಟಡಗಳಾಚೆ ಸಾಲ್ಫರ್ಡಿನ ಸಾಲುಮನೆಗಳಿವೆ. ಅಲ್ಲಿನ ಬಾಡಿಗೆದಾರರು ಹಿತ್ತಲಲ್ಲಿ ಕೋಳಿ ಸಾಕಹೊರಟರೆ ಮನೆಯೊಡೆಯ ಕರಾರುಪತ್ರ ತೋರಿಸಿ ಬೇಡವೆನ್ನಬಹುದು. ಆದರೆ ಕರಾರಿನಲ್ಲಿ ಏನೇ ಬರೆದಿರಲಿ, ವ್ಯಾಪಾರಕ್ಕಲ್ಲದೆ, ನೆರೆಯವರಿಗೆ ಉಪದ್ರವವಾಗದಂತೆ ಹೇಂಟೆ ಅಥವಾ ಮೊಲ ಸಾಕುವುದು ನ್ಯಾಯಬದ್ಧವೆನ್ನುತ್ತದೆ, 1950ರ ಅಲಾಟ್‌ಮೆಂಟ್ಸ್ ಕಾಯಿದೆಯ 12ನೆಯ ಕಲಮು. ಮೊಟ್ಟೆಗೂ ಪಡಿತರವಿದ್ದ ಕಾಲದಲ್ಲಿ ಆಟ್ಲೀ ಸರ್ಕಾರ ತಂದದ್ದು ಅದು. ಒಡೆಯನ ಸಹಿಗಿಂತ ಬಡವನ ಮೊಟ್ಟೆ ದೊಡ್ಡದೆಂದ ಕಾನೂನುಗಳು ವಿರಳ.

ಹುಂಜಕ್ಕೆ ಈ ರಕ್ಷಣೆಯಿಲ್ಲ. ಮುದುಕಿಯ ಹುಂಜ ಕೂಗದೆಯೇ ಇಲ್ಲಿ ಬೆಳಗಾಗಬೇಕು. ಊರಿನ ರೂಢಿಯಂತೆ ಮಿಕ್ಕ ಅನ್ನ ಎರಚುವಂತೆಯೂ ಇಲ್ಲ. ಮನೆಮಂದಿಯೆಲ್ಲ ವೀಗನ್ ಆಗಿದ್ದರೆ ಹೊರತು, ಅಡುಗೆಮನೆ ಹೊಕ್ಕ ಸೊಪ್ಪಿನ ದಂಟೂ ಕೋಳಿಗೆ ನಿಷಿದ್ಧ. 2024ರ ಅಕ್ಟೋಬರ್ 1ರಿಂದ ಒಂದೇ ಕೋಳಿಯಿದ್ದರೂ ನೋಂದಣಿ ಕಡ್ಡಾಯ. ಹಕ್ಕಿಜ್ವರದ ಕಾಲದಲ್ಲಿ ಇದು ಸಲ್ಲುವ ನಿಯಮವೇ. ಚಳಿಗಾಲದ ಮಂಕು ಬೆಳಕಿಗೆ ಮೊಟ್ಟೆ ನಿಲ್ಲುತ್ತದೆ. ಹಗಲು ಹಿಗ್ಗಿದಾಗ ಗೂಡಿನಲ್ಲಿ ಮತ್ತೆ ಬೆಚ್ಚನೆಯದೊಂದು ಸಿಗುವ ಸುಖಕ್ಕೆ ಎಣೆಯಿಲ್ಲ.

ಆದರೆ ಹೇಂಟೆಯನ್ನು ಓಡಿಸಲಾಗದ ಒಡೆಯ ಬಾಡಿಗೆದಾರರನ್ನೇ ಓಡಿಸಬಹುದಿತ್ತು. ಕಾರಣ ಹೇಳದೆ, ಎರಡು ತಿಂಗಳ ನೋಟೀಸಿನಲ್ಲಿ ಮನೆ ಬಿಡಿಸಲು 1988ರ ವಸತಿ ಕಾಯಿದೆಯ 21ನೆಯ ಕಲಮು ದಾರಿ ತೆರೆಯಿತು. ಅದನ್ನು ಮುಚ್ಚುವ ಬಾಡಿಗೆದಾರರ ಹಕ್ಕುಗಳ ಕಾಯಿದೆಗೆ ಅಂಕಿತ ಬಿದ್ದದ್ದು 2025ರ ಅಕ್ಟೋಬರಿನಲ್ಲಿ, ಹೇಂಟೆಗೆ ಹಕ್ಕು ಸಿಕ್ಕ 75 ವರ್ಷಗಳ ಮೇಲೆ.