ಹನ್ನೆರಡು ಬೀದಿ ಎಂದರೆ ಯಾವ ಊರು?

(ಕಾಟ್ಟಿಕುಳಂನಲ್ಲಿ ಹೆತ್ತವರ ಮುಂದೆ ಆಡಿದ ಮಾತು)



ಈ ಕಾಟ್ಟಿಕುಳಂ ಪೇಟೆಯಿಂದ ಒಂದು ದಾರಿ ಬಾವಲಿ ಮೂಲಕ ಮೈಸೂರಿಗೆ, ಇನ್ನೊಂದು ತೋಲ್ಪೆಟ್ಟಿ ಮೂಲಕ ಕೊಡಗಿನ ಕುಟ್ಟಕ್ಕೆ ಹೋಗುತ್ತದೆ. ಕನ್ನಡ ಇಂಥ ದಾರಿಗಳಲ್ಲೇ ವಯನಾಡಿಗೆ ನಡೆದು ಬಂತು. 1956ರ ನವೆಂಬರ್ 1ರಂದು ಕೇರಳ ರಾಜ್ಯವಾದ ಮಾತ್ರಕ್ಕೆ ಆ ಹೆಜ್ಜೆಗಳು ಅಳಿಯಲಿಲ್ಲ. ಆದರೆ ಬರೆದಿಟ್ಟವರು ಎಷ್ಟು ಮಂದಿ?

ಸುಲ್ತಾನ್ ಬತ್ತೇರಿಯನ್ನೇ ನೋಡಿ. ಟಿಪ್ಪುವಿನ ಸೇನೆ ಅಲ್ಲಿನ ಬಸದಿಯಲ್ಲಿ ಮದ್ದುಗುಂಡು ಇಟ್ಟಿದ್ದರಿಂದ ಈ ಹೆಸರು ಬಂತು ಎನ್ನುತ್ತಾರೆ. ಮೊದಲು ಅದು ಗಣಪತಿವಟ್ಟಂ. ಕನ್ನಡ ನಾಡಿನಿಂದ ಬಂದ ಜೈನರ ಬಾಯಲ್ಲಿ ಅದೇ ಊರು ಹನ್ನೆರಡು ಬೀದಿ. ಬಸದಿಯ ಕಲ್ಲಿಗೆ ಇಂದು ಕೇಂದ್ರ ಪುರಾತತ್ವ ಇಲಾಖೆಯ ಕಾವಲಿದೆ. ಹೆಸರಿಗೆ ಯಾರ ಕಾವಲೂ ಇಲ್ಲ. ಪನಮರಂ ಬಳಿಯ ವಿಷ್ಣುಗುಡಿ, ಜನಾರ್ದನಗುಡಿಗಳಿಗಂತೂ ಕಲ್ಲಿನ ಕಾವಲು ಕೂಡ ತಡವಾಗಿ ಬಂತು. ಅಷ್ಟರಲ್ಲಿ ಕೆತ್ತನೆಯ ಕಂಬಗಳು ವಾಲಿದ್ದವು.

ಕಲ್ಲಿನ ಗುಡಿಯೂ ಇಲ್ಲದವರ ಪಾಡೇನು? ಕಾಟ್ಟುನಾಯ್ಕರ ಮಾತು ಕನ್ನಡಕ್ಕೆ ಹತ್ತಿರದ ನಂಟು. ಅವರ ಚರಿತ್ರೆ ಹೆಚ್ಚಾಗಿ ಉಳಿದಿರುವುದು ಹಿರಿಯರ ನಾಲಿಗೆಯ ಮೇಲೆ. ಅದನ್ನು ಒರಟು ಕನ್ನಡ ಎಂದು ನಗುವವರು ನಮ್ಮಲ್ಲೂ ಇದ್ದಾರೆ. ಇತ್ತ ನಾವೇ ಅಲ್ಪಸಂಖ್ಯಾತರೆಂದು ಅರ್ಜಿ ಬರೆಯುತ್ತೇವೆ!

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದ ತಾಯ್ನುಡಿ ಶಿಕ್ಷಣಕ್ಕೆ ಬಲ ಕೊಡುತ್ತದೆ. ಮನೆಯ ನೆನಪನ್ನು ಮಾತ್ರ ಯಾವ ವಿಧಿಯೂ ಕಾಯದು. ಈ ರಜೆಯಲ್ಲಿ ಮಗುವಿಗೊಂದು ನೋಟುಪುಸ್ತಕ ಕೊಡಿ. ಗದ್ದೆ, ತೋಡು, ಹಳೆಯ ದಾರಿ, ಇವುಗಳಿಗೆ ಅಜ್ಜಿ ಕರೆಯುವ ಹೆಸರುಗಳನ್ನು ತಾರೀಕು ಹಾಕಿ ಬರೆಸಿ. ಒಂದು ಪ್ರತಿ ಶಾಲೆಯ ವಾಚನಾಲಯಕ್ಕೆ ಸೇರಲಿ.