ಐಟಂ ಮುಗಿದ ಮೇಲೂ ಕೂತಿರುವವರು ಯಾರು?

ಬೇಲೂರು, ಹಳೇಬೀಡು ಎಂದೊಡನೆ ಉಪನ್ಯಾಸಗಳು ಶಿಲ್ಪದ ಕಡೆಗೆ ಹೊರಳುವುದು ವಾಡಿಕೆ. ಈ ಮಾಲೆಯ ಇಂದಿನ ಮಾತು ಮಾತ್ರ ಕುರ್ಚಿಗಳ ಬಗ್ಗೆ. ಈ ಎರಡು ಊರುಗಳ, ಜೊತೆಗೆ ಅರಸೀಕೆರೆಯ ಮಕ್ಕಳು ಭರತನಾಟ್ಯವನ್ನೋ ನೃತ್ಯರೂಪಕವನ್ನೋ ಆಡಿದಾಗ ವೇದಿಕೆಯ ಮುಂದೆ ಯಾರು ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಯಾವಾಗ ಎದ್ದು ಹೋಗುತ್ತಾರೆ ಎಂಬುದು ವಿಷಯ.

ತಾಲ್ಲೂಕು ಕೇಂದ್ರದ ಯಾವುದೇ ನೃತ್ಯಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ನೋಡಬಹುದು. ಆಹ್ವಾನ ಪತ್ರಿಕೆಯಲ್ಲಿ ಸಂಜೆ 5.30 ಎಂದಿರುತ್ತದೆ. ಆ ಹೊತ್ತಿಗೆ ಬಂದಿರುವವರು ಸೌಂಡ್ ಸಿಸ್ಟಮ್‌ನವರು ಮತ್ತು ಅಜ್ಜಿಯಂದಿರು. ಅಮ್ಮಂದಿರೆಲ್ಲ ಒಳಗೆ ಮಕ್ಕಳ ಜಡೆಗೆ ಹೂ ಮುಡಿಸುತ್ತ, ಸೇಫ್ಟಿ ಪಿನ್ ಚುಚ್ಚುತ್ತ, ಗೆಜ್ಜೆ ಬಿಗಿಯುತ್ತ ಇರುತ್ತಾರೆ. ದೀಪ ಬೆಳಗಿ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಭಾಷಣ, ಶಾಲು, ಹಾರ, ಪೇಟ, ನೆನಪಿನ ಕಾಣಿಕೆ ಎಂದು ಸಭಾ ಕಾರ್ಯಕ್ರಮ ಒಂದು ಗಂಟೆ ನುಂಗುತ್ತದೆ. ಆಮೇಲೆ ಪುಷ್ಪಾಂಜಲಿ. ಪುಟಾಣಿಗಳ ತಂಡ ಬಂದರೆ ಮೂರು ಸಾಲಿನಲ್ಲಿ ಮೊಬೈಲ್‌ಗಳು ಮೇಲೇಳುತ್ತವೆ. ಅವರ ಐಟಂ ಮುಗಿದರೆ ಆ ಮೂರು ಸಾಲೂ ಖಾಲಿ. ಮೇಕಪ್ ಒರೆಸದ ಮಗುವನ್ನೇ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅಪ್ಪ ಹೊರಟಾಗಿರುತ್ತದೆ. ಜೂನಿಯರ್, ಸೀನಿಯರ್ ಮುಗಿಸಿ ವಿದ್ವತ್ ಪರೀಕ್ಷೆಗೆ ಸಿದ್ಧವಾಗುತ್ತಿರುವ ಹುಡುಗಿ ತಿಲ್ಲಾನಕ್ಕೆ ಬರುವ ಹೊತ್ತಿಗೆ ಉಳಿದಿರುವವರು ಅವಳ ಮನೆಯವರು, ಗುರುಗಳ ಮನೆಯವರು, ಕುರ್ಚಿ ಎತ್ತಿಡಲು ಕಾದಿರುವ ಹುಡುಗರು.

ಪ್ರೇಕ್ಷಕರು ಯಾರು ಎಂದು ಕೇಳಿ ತಿಳಿಯುವ ಕೆಲಸ ಹೊಸದೇನಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ ರಂಗಮಂದಿರಗಳಲ್ಲಿ ಪ್ರಶ್ನಾವಳಿ ಹಂಚಿ ನಡೆಸಿದ ಅಧ್ಯಯನ 1966ರಲ್ಲಿ ಪ್ರಕಟವಾಯಿತು. ನಾಟಕ, ಸಂಗೀತ, ಬ್ಯಾಲೆ ನೋಡಲು ಬರುವವರು ಉಳಿದ ಜನರಿಗಿಂತ ಹೆಚ್ಚು ಓದಿದವರು, ಹೆಚ್ಚು ಗಳಿಸುವವರು ಎಂದು ಅದು ತೋರಿಸಿತು. ದೊಡ್ಡ ಊರಿನ ದೊಡ್ಡ ರಂಗಮಂದಿರಕ್ಕೆ ಈ ಮಾತು ಇವತ್ತಿಗೂ ಹೊಂದೀತು. ಅರಸೀಕೆರೆಯಲ್ಲಿ ಲೆಕ್ಕ ಬೇರೆ. ಇಲ್ಲಿ ಓದು, ಸಂಬಳ ನೋಡಿ ಯಾರೂ ಬರುವುದಿಲ್ಲ; ಮಗುವಿಗೆ ಏನಾಗಬೇಕು ಎಂಬ ನಂಟು ನೋಡಿ ಬರುತ್ತಾರೆ. ಕೊಬ್ಬರಿ ಮಂಡಿಯವರು, ರೈಲ್ವೆ ನೌಕರರು, ಮೇಷ್ಟ್ರುಗಳು, ಹಳ್ಳಿಯಿಂದ ಮೊಮ್ಮಗಳನ್ನು ನೋಡಲೆಂದೇ ಬಂದ ಅಜ್ಜ ಎಲ್ಲರೂ ಒಂದೇ ಸಾಲಿನಲ್ಲಿರುತ್ತಾರೆ. ದೊಡ್ಡ ಊರಿನ ಸಭಾಂಗಣಕ್ಕೆ ಸುಲಭವಾಗಿ ಸಿಗದ ಮಿಶ್ರ ಪ್ರೇಕ್ಷಕವರ್ಗ ಇದು. ಒಮ್ಮೆ ಬರುತ್ತದೆ, ಅರ್ಧ ಗಂಟೆ ಇರುತ್ತದೆ, ಹೋಗುತ್ತದೆ. ಹೊಸಬರನ್ನು ಎಲ್ಲಿಂದ ಕರೆತರೋಣ ಎಂದು ಸಂಘಟಕರು ತಲೆ ಕೆಡಿಸಿಕೊಳ್ಳುವ ಮೊದಲು, ಬಂದವರು ಯಾಕೆ ನಿಲ್ಲುವುದಿಲ್ಲ ಎಂದು ನೋಡುವುದು ಒಳ್ಳೆಯದು.

"ಜನಕ್ಕೆ ಅಭಿರುಚಿ ಇಲ್ಲ" ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ಅದು ನಿಜವಲ್ಲ ಎನ್ನಲು ಇದೇ ಸೀಮೆಯ ಕುರುಕ್ಷೇತ್ರ ನಾಟಕ ಸಾಕು. ಹಾಸನ, ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ತಿಂಗಳುಗಟ್ಟಲೆ ಕಲಿತು, ಬಾಡಿಗೆಯ ಡ್ರಾಮಾ ಸೀನರಿ ಕಟ್ಟಿಸಿ, ರಾತ್ರಿಯಿಡೀ ಆಡುವ ಪೌರಾಣಿಕ ನಾಟಕಕ್ಕೆ ಜನ ಬೆಳಗಿನ ಜಾವದವರೆಗೂ ಕೂತಿರುತ್ತಾರೆ. ಅಲ್ಲಿಯೂ ಪಾತ್ರಧಾರಿ ಊರಿನ ಹವ್ಯಾಸಿಯೇ, ಪಾತ್ರಕ್ಕೆ ತಾನೇ ದುಡ್ಡು ಹಾಕಿರುತ್ತಾನೆ. ಅಲ್ಲಿಯೂ ನೋಡಲು ಬರುವವರು ಅವನ ನೆಂಟರು, ಬೀಗರು. ಆದರೆ ಅವರು ಏಳುವುದಿಲ್ಲ. ಒಂದೇ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುವ ಪದ್ಧತಿ ಇದೆ: ಒಂದನೇ ಕೃಷ್ಣ, ಎರಡನೇ ಕೃಷ್ಣ, ಒಂದನೇ ದುರ್ಯೋಧನ, ಎರಡನೇ ದುರ್ಯೋಧನ. ತಮ್ಮ ಕಡೆಯವನ ಕಂದಪದ್ಯ ಚೆನ್ನಾಗಿತ್ತೋ ಅವರ ಕಡೆಯವನದೋ ಎಂದು ತೂಗಿ ನೋಡಲಾದರೂ ಕೂರಲೇಬೇಕು. ಕಥೆ ಎಲ್ಲರಿಗೂ ಗೊತ್ತು, ಮುಂದಿನ ಸೀನ್ ಯಾವುದೆಂದೂ ಗೊತ್ತು. ಮೆಚ್ಚಿದರೆ "ಒನ್ಸ್ ಮೋರ್" ಎಂದು ಕೂಗುವ ಹಕ್ಕೂ ಇದೆ.

ನೃತ್ಯಶಾಲೆಯ ಕಾರ್ಯಕ್ರಮ ಹೀಗೆ ಹೆಣೆದಿರುವುದಿಲ್ಲ. ಅಲರಿಪು, ಜತಿಸ್ವರ, ದೇವರನಾಮ, ಜನಪದ ನೃತ್ಯ ಎಂದು ಬಿಡಿಬಿಡಿಯಾಗಿ ಸಾಗುವ ಪಟ್ಟಿಯಲ್ಲಿ ಒಂದು ಮಗು ಒಂದು ಕಡೆ ಬಂದು ಹೋದರೆ ಅದರ ಮನೆಯವರ ಕೆಲಸ ಅಲ್ಲಿಗೆ ಮುಗಿಯಿತು. ನೃತ್ಯರೂಪಕ ಅಥವಾ ಬ್ಯಾಲೆಯ ಅನುಕೂಲ ಇರುವುದು ಇಲ್ಲೇ. ಅದೇ ಮಗು ಮೊದಲ ದೃಶ್ಯದಲ್ಲಿ ಹಕ್ಕಿ, ನಡುವೆ ಸಂತೆಯ ಹುಡುಗಿ, ಕೊನೆಯಲ್ಲಿ ದೀಪ ಹಿಡಿದವಳು ಆದರೆ ಅಜ್ಜ ಕೊನೆಯವರೆಗೂ ಕೂರುತ್ತಾರೆ. ಕೂತವರು ನಡುವೆ ಬೇರೆಯವರ ಮಕ್ಕಳನ್ನೂ ನೋಡುತ್ತಾರೆ, ಕಥೆಯನ್ನೂ ಹಿಡಿಯುತ್ತಾರೆ.

ಪಶ್ಚಿಮದ ಬ್ಯಾಲೆಯವರು ಇದನ್ನು ಚೆನ್ನಾಗಿ ಬಲ್ಲರು. 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲು ಆಡಿದ 'ನಟ್‌ಕ್ರ್ಯಾಕರ್' ಆಗ ಅಂಥ ಹೆಸರು ಮಾಡಲಿಲ್ಲ. 1954ರಲ್ಲಿ ಜಾರ್ಜ್ ಬ್ಯಾಲಂಚೀನ್ ನ್ಯೂಯಾರ್ಕ್‌ನಲ್ಲಿ ಅದನ್ನು ಮತ್ತೆ ಕಟ್ಟಿದಾಗ ಹತ್ತಾರು ಮಕ್ಕಳಿಗೆ ಪಾತ್ರ ಕೊಟ್ಟರು. ಎರಡೂ ಅಂಕಗಳಲ್ಲಿ ಮಕ್ಕಳಿದ್ದಾರೆ. ಇಂದು ಅಮೆರಿಕದ ಸಣ್ಣಪುಟ್ಟ ಊರಿನ ಬ್ಯಾಲೆ ತಂಡಗಳೂ ಪ್ರತಿ ಡಿಸೆಂಬರ್‌ನಲ್ಲಿ ಅದನ್ನು ಆಡಿ, ಅದರ ಟಿಕೆಟ್ ದುಡ್ಡಿನಿಂದಲೇ ವರ್ಷದ ಉಳಿದ ಪ್ರಯೋಗಗಳನ್ನು ಸಾಕುತ್ತವೆ. ಮಕ್ಕಳು, ಹಬ್ಬದ ಕಾಲ, ಎಲ್ಲರಿಗೂ ಗೊತ್ತಿರುವ ಕಥೆ ಒಟ್ಟಿಗೆ ಸೇರಿದ್ದರ ಫಲ ಅದು. ಬೆಂಗಳೂರಿನ ಪ್ರಭಾತ್ ಕಲಾವಿದರು 'ಸಿಂಡ್ರೆಲಾ', 'ಪುಣ್ಯಕೋಟಿ', 'ಕಿಂದರಿಜೋಗಿ'ಗಳನ್ನು ದಶಕಗಳ ಕಾಲ ಆಡಿಸಿಕೊಂಡು ಬಂದದ್ದೂ ಇದೇ ಬಲದಿಂದ. ಇಲಿಗಳ ಹಿಂಡಿಗೆ ಎಷ್ಟು ಪುಟಾಣಿಗಳಿದ್ದರೂ ಸಾಲದು.

ಕಥೆಗಾಗಿ ಈ ಮೂರು ಊರುಗಳು ದೂರ ಹೋಗಬೇಕಾಗಿಲ್ಲ. ಶಾಂತಲೆ ಇದ್ದಾಳೆ; ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲಾದೇವಿ' ಕಾದಂಬರಿಯನ್ನು ಓದಿದ ತಲೆಮಾರು ಇನ್ನೂ ಸಭೆಗಳಲ್ಲಿ ಕೂರುತ್ತದೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಮುಂದೆ ನಿಂತವರಿಗೆಲ್ಲ ಜಕಣಾಚಾರಿ, ಡಂಕಣಾಚಾರಿಯ ಐತಿಹ್ಯ ಬಾಯಿಪಾಠ; 1964ರಲ್ಲಿ ಬಂದ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಅದನ್ನು ಮನೆಮನೆಗೆ ಮುಟ್ಟಿಸಿತು. ಐತಿಹ್ಯ ಬೇಡ, ಚರಿತ್ರೆ ಬೇಕು ಎನ್ನುವವರಿಗೆ ಬೇಲೂರಿನ ಶಿಲ್ಪಗಳ ಮೇಲೆ ಹೆಸರು ಕೊರೆದಿರುವ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಇದ್ದಾರೆ. ಅಪ್ಪ ಮಗ ಇಬ್ಬರೂ ಒಂದೇ ಕೆಲಸದಲ್ಲಿ ಉಳಿ ಹಿಡಿದ ಈ ಕಥೆಯನ್ನು ರೂಪಕ ಮಾಡಿದರೆ ಗಂಡುಮಕ್ಕಳಿಗೂ ವೇದಿಕೆಯಲ್ಲಿ ಕೆಲಸ ಸಿಗುತ್ತದೆ. ಹುಡುಗರು ನೃತ್ಯ ತರಗತಿಗೆ ಬರುವುದೇ ಕಡಿಮೆ. ಅವರು ಬಾರದೆ ಅವರ ಗೆಳೆಯರೂ ನೋಡಲು ಬರುವುದಿಲ್ಲ. ಚಿಟ್ಟಿಮೇಳ, ವೀರಗಾಸೆಗಳ ಲಯವನ್ನು ರೂಪಕದೊಳಗೆ ತಂದರೆ ಆ ಗೆಳೆಯರಿಗೆ ಬಾಗಿಲು ತೆರೆದಂತಾಗುತ್ತದೆ.

ಇನ್ನು ಪ್ರವಾಸಿಗರು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಬಸ್ಸುಗಟ್ಟಲೆ ಬರುವ ಜನರನ್ನೇ ಪ್ರೇಕ್ಷಕರನ್ನಾಗಿ ಮಾಡಬಹುದು ಎಂಬ ಆಸೆ ಹಲವರಿಗಿದೆ. ಗಡಿಯಾರ ಅದಕ್ಕೆ ಒಪ್ಪುವುದಿಲ್ಲ. ಬೆಂಗಳೂರಿನಿಂದ ಹೊರಟು ಒಂದೇ ದಿನದಲ್ಲಿ ಬೇಲೂರು, 16 ಕಿಲೋಮೀಟರ್ ಆಚೆಯ ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಮುಗಿಸುವ ಪ್ರವಾಸಿ ಸಂಜೆ ಆರಕ್ಕೆ ಊರಿನಲ್ಲೇ ಇರುವುದಿಲ್ಲ. ಖಜುರಾಹೊದಲ್ಲಿ 1975ರಿಂದ ನಡೆದುಬಂದಿರುವ ನೃತ್ಯೋತ್ಸವವನ್ನಾಗಲಿ, ಪ್ರತಿ ಡಿಸೆಂಬರ್‌ನ ಮೊದಲ ವಾರದಲ್ಲಿ ನಡೆಯುವ ಕೋನಾರ್ಕ್ ಉತ್ಸವವನ್ನಾಗಲಿ ನೋಡಲು ಜನ ಅಲ್ಲೇ ತಂಗಲೆಂದೇ ಬರುತ್ತಾರೆ. ಆಡುವವರೂ ಹೆಸರಾಂತ ಕಲಾವಿದರು. ಮಕ್ಕಳ ತಂಡಕ್ಕೆ ಅದು ಅಳತೆಯಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಕಾರ್ಯಕ್ರಮಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯೂ ಬೇಕು.

ದೇವಾಲಯವನ್ನು ಬೇರೆ ಬಗೆಯಲ್ಲಿ ಬಳಸಿಕೊಳ್ಳಬಹುದು. ಬೇಲೂರಿನ ಚೆನ್ನಕೇಶವ ದೇವಾಲಯದ ಹೊರಗೆ 38, ಒಳಗೆ 4, ಹೀಗೆ 42 ಮದನಿಕೆಯರಿದ್ದಾರೆ. ಬೆಳಿಗ್ಗೆ ಸರ್ಕಾರಿ ಶಾಲೆಯ ಒಂದು ತರಗತಿಯನ್ನು ಕರೆತಂದು ದರ್ಪಣಸುಂದರಿಯನ್ನು ತೋರಿಸಿ, ಸಂಜೆ ಅದೇ ಶಾಲೆಯ ಅಂಗಳದಲ್ಲಿ ನರ್ತಕಿಯೊಬ್ಬಳು ಆ ಭಂಗಿಯಲ್ಲಿ ನಿಂತರೆ ಮಕ್ಕಳು ತಾವೇ ಗುರುತು ಹಿಡಿಯುತ್ತಾರೆ. ಮುದ್ರೆ ಎಂದರೇನು, ಒಂಟಿ ಕಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಎಂದು ಅವರೇ ಮಾಡಿ ನೋಡಬಹುದು. 1977ರಲ್ಲಿ ಕಿರಣ್ ಸೇಠ್ ಹುಟ್ಟುಹಾಕಿದ ಸ್ಪಿಕ್ ಮೆಕೆ ದೇಶದ ಶಾಲೆ, ಕಾಲೇಜುಗಳಲ್ಲಿ ಮಾಡಿಕೊಂಡು ಬಂದಿರುವುದು ಇಂಥ ಪ್ರಾತ್ಯಕ್ಷಿಕೆಗಳನ್ನೇ. ಅಲ್ಲಿ ಬರುವವರು ದೊಡ್ಡ ಕಲಾವಿದರು. ಇಲ್ಲಿ ಪಕ್ಕದ ಬೀದಿಯ ಹತ್ತನೇ ತರಗತಿಯ ಹುಡುಗಿ ಬಂದರೂ ನಡೆಯುತ್ತದೆ.

ಕೂರಿಸುವ ರೀತಿಯೂ ಮುಖ್ಯ. ಅರಸೀಕೆರೆಯ ಶಿವಾಲಯ ಸುಮಾರು 1220ರದು. ಅದರ ಮುಂದಿನ ತೆರೆದ ಮಂಟಪ ನಕ್ಷತ್ರಾಕಾರದ್ದು, ಸುತ್ತ ಕೂರಲು ಕಲ್ಲಿನ ಜಗಲಿ. ಬೇಲೂರಿನ ನವರಂಗದ ನಡುವೆ ದುಂಡಗಿನ ಕಲ್ಲಿನ ಜಗಲಿ ಇದೆ. ಶಾಂತಲೆ ಕುಣಿದದ್ದು ಅಲ್ಲೇ ಎಂಬುದು ಊರಿನ ನಂಬಿಕೆ. ಎರಡೂ ಕಡೆ ನೋಡುವವರಿಗೂ ಕುಣಿಯುವವರಿಗೂ ನಡುವೆ ಕೆಲವೇ ಅಡಿ. ಇಂದಿನ ಸಭಾಂಗಣದಲ್ಲಿ ಎತ್ತರದ ವೇದಿಕೆ, ಆಮೇಲೆ ಗಣ್ಯರ ಸೋಫಾ ಸಾಲು, ಅದರ ಹಿಂದೆ ವಿಡಿಯೋದವರು, ಅವರ ಹಿಂದೆ ಜನ. ಹತ್ತನೇ ಸಾಲಿನಿಂದ ಕಣ್ಣಿನ ಅಭಿನಯ ಕಾಣುವುದಿಲ್ಲ. ಸೋಫಾ ತೆಗೆದು, ಮುಂದೆ ಜಮಖಾನ ಹಾಸಿ ಮಕ್ಕಳನ್ನು ಕೂರಿಸಿದರೆ ಅರ್ಧ ತೊಂದರೆ ನೀಗುತ್ತದೆ.

ಹೊತ್ತು ಮತ್ತು ಬಸ್ಸು ಇನ್ನೊಂದು ಮಾತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಜಾವಗಲ್ಲಿನ, ಬಾಣಾವರದ ಹೆಣ್ಣುಮಕ್ಕಳು ಟಿಕೆಟ್ ದುಡ್ಡಿಲ್ಲದೆ ಅರಸೀಕೆರೆಗೆ ಬರಬಲ್ಲರು. ಬಂದವರು ವಾಪಸು ಹೋಗುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸುವವರು ಕಾಣೆ. ಬೆಂಗಳೂರಿನ ರಂಗಶಂಕರ 2004ರಲ್ಲಿ ಶುರುವಾದಾಗಿನಿಂದ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವ ಶಿಸ್ತನ್ನು ಬಿಟ್ಟಿಲ್ಲ. ಜನ ಅದಕ್ಕೆ ಒಗ್ಗಿಕೊಂಡರು. ಸಂಜೆ 5ಕ್ಕೆ ನೃತ್ಯದಿಂದಲೇ ಆರಂಭಿಸಿ, ಒಂದೂಕಾಲು ಗಂಟೆಯಲ್ಲಿ ರೂಪಕ ಮುಗಿಸಿ, ಸನ್ಮಾನವನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟರೆ 6.30ಕ್ಕೆ ಎಲ್ಲರೂ ಬಸ್ ನಿಲ್ದಾಣದ ದಾರಿ ಹಿಡಿಯಬಹುದು. ಕಾಲವೂ ನೋಡಬೇಕು. ಬೇಲೂರಿನ ತೇರಿಗೆ ಜನಸಾಗರವೇ ಸೇರುತ್ತದೆ, ಆದರೆ ಚೈತ್ರ ಮಾಸ ಎಂದರೆ ಪರೀಕ್ಷೆಯ ಆಸುಪಾಸು. ಡಿಸೆಂಬರ್, ಜನವರಿ ಶಾಲಾ ವಾರ್ಷಿಕೋತ್ಸವಗಳ ಕಾಲ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗಿನ ದಿನಗಳು ವಾಸಿ. ಅರಸೀಕೆರೆಯಲ್ಲಿ ಪ್ರಸನ್ನ ಗಣಪತಿಯ ಪೆಂಡಾಲಿಗೆ ಜನ ಹೇಗೂ ಬರುತ್ತಾರೆ.

ಬಿಟ್ಟಿ ಪ್ರವೇಶವೋ ಟಿಕೆಟ್ಟೋ ಎಂಬ ಚರ್ಚೆ ಹಳೆಯದು. ಹೆಸರಘಟ್ಟದ ನೃತ್ಯಗ್ರಾಮದ ವಸಂತಹಬ್ಬ ಇಡೀ ರಾತ್ರಿಯ ಉಚಿತ ಉತ್ಸವವಾಗಿತ್ತು. 2004ರಲ್ಲಿ ಸುಮಾರು 40,000 ಮಂದಿ ಸೇರಿದ್ದರು. ಅದೇ ಕೊನೆಯದಾಯಿತು, ನಿಂತುಹೋದ ಕಾರಣಗಳಲ್ಲಿ ಹಣದ ಅಭಾವವೂ ಒಂದು. ಹೆಗ್ಗೋಡಿನ ನೀನಾಸಂ ಬೇರೆ ದಾರಿ ಹಿಡಿಯಿತು. 1949ರಲ್ಲಿ ಹುಟ್ಟಿ, 1973ರಲ್ಲಿ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿ, ನೋಡಿದ್ದರ ಬಗ್ಗೆ ಮಾತಾಡುವುದನ್ನು ರೂಢಿ ಮಾಡಿಸಿ, 1985ರಲ್ಲಿ ತಿರುಗಾಟಕ್ಕೆ ಹೊರಟಿತು. ಅಷ್ಟು ವರ್ಷಗಳಲ್ಲಿ ನೋಡುವವರೂ ತಯಾರಾಗಿದ್ದರು. ಮೂಡುಬಿದಿರೆಯ ಆಳ್ವಾಸ್‌ನ ವಿದ್ಯಾರ್ಥಿ ತಂಡ ಊರೂರು ಸುತ್ತಿ ಸಾಂಸ್ಕೃತಿಕ ವೈಭವ ಆಡುವಾಗ ಆಯಾ ಊರಿನವರೇ ಮುಂದೆ ನಿಂತು ನಡೆಸಿಕೊಡುತ್ತಾರೆ. ಈ ಮೂರು ಊರುಗಳು ಒಂದೊಂದು ರೂಪಕ ಕಟ್ಟಿ, ಒಬ್ಬರದನ್ನು ಇನ್ನೊಬ್ಬರ ಊರಿನಲ್ಲಿ ಆಡಿಸಿದರೆ ಬೇಲೂರಿನ ಮಗುವನ್ನು ಅರಸೀಕೆರೆಯಲ್ಲಿ ನೋಡುವವರು ನೆಂಟರಾಗಿರುವುದಿಲ್ಲ. ಮಕ್ಕಳ ನೃತ್ಯಕ್ಕೆ ನಿಜವಾದ ಪ್ರೇಕ್ಷಕರು ಹುಟ್ಟುವುದು ಆಗ.

ಅಲ್ಲಿಯವರೆಗೆ ಮಾಡಬಹುದಾದ ಅಗ್ಗದ ಕೆಲಸ ಒಂದಿದೆ. ಬಾಗಿಲಲ್ಲಿ ಟೀ ಟೋಕನ್ ಜೊತೆ ಅಂಗೈಯಗಲದ ಒಂದು ಚೀಟಿ, ಅದರಲ್ಲಿ ಐದು ಪ್ರಶ್ನೆ: ಯಾವ ಊರಿನಿಂದ ಬಂದಿರಿ, ಕಾರ್ಯಕ್ರಮ ಇದೆಯೆಂದು ಹೇಗೆ ತಿಳಿಯಿತು, ನಿಮ್ಮ ಮನೆಯ ಮಗು ಆಡುತ್ತಿದೆಯೇ, ಯಾವ ದೃಶ್ಯದವರೆಗೆ ಇದ್ದಿರಿ, ನಿಮ್ಮ ಮಗು ಇಲ್ಲದಿದ್ದರೂ ಇನ್ನೊಮ್ಮೆ ಬರುವಿರಾ. ಬರೆಯಲು ಬಾರದ ಅಜ್ಜಿಯಂದಿರಿಗೆ ಹೈಸ್ಕೂಲ್ ಹುಡುಗರು ಕೇಳಿ ಬರೆದುಕೊಡಬಹುದು. ಮೂರೂ ಊರುಗಳಲ್ಲಿ ಚೀಟಿ ಒಂದೇ ನಮೂನೆಯದಾಗಿದ್ದರೆ ಮುಂದಿನ ವರ್ಷದ ರೂಪಕಕ್ಕೆ ಕಥೆ, ಹೊತ್ತು, ಜಾಗ ಮೂರನ್ನೂ ಅದನ್ನು ನೋಡಿಯೇ ತೀರ್ಮಾನಿಸಬಹುದು. ಚೀಟಿಯ ಅಚ್ಚಿನ ಖರ್ಚು ಯಾರದು, ಹಂಚಿ ವಾಪಸು ಪಡೆಯುವ ಹೊಣೆ ಯಾವ ಶಾಲೆಯದು, ಆರನೆಯ ಪ್ರಶ್ನೆಯೊಂದು ಬೇಕೇ ಎಂಬುದನ್ನು ಸಭೆ ಈಗ ಚರ್ಚೆಗೆ ತೆಗೆದುಕೊಳ್ಳಬಹುದು.