ದಂಡಿನ ಬರಿಗಾಲಿನ ಆಟಗಾರರು ನಮ್ಮವರಲ್ಲವೆ?

(ರಾಜ್ಯೋತ್ಸವದ ಅಂಗವಾಗಿ ಹಲಸೂರಿನಲ್ಲಿ ಸೇರಿದ್ದ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ನಾಡಿನ ಹಿರಿಮೆಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ಇಂಥ ದಿನಗಳಲ್ಲಿ ಕದಂಬರನ್ನೂ ಚಾಲುಕ್ಯರನ್ನೂ ವಿಜಯನಗರದ ಅರಸರನ್ನೂ ಸ್ಮರಿಸುವುದು ನಮ್ಮಲ್ಲಿ ರೂಢಿ. ಅದು ಉಚಿತವೇ ಸರಿ. ಆದರೆ ಈ ಸಂಜೆ ನಾನು ಅರಸರ ಮಾತನ್ನು ಎತ್ತುವುದಿಲ್ಲ. ಈ ಸಭೆ ಕೂಡಿರುವ ಸೀಮೆಯಲ್ಲಿಯೇ, ದಂಡಿನ ಕೆಂಪು ಧೂಳಿನ ಬಯಲುಗಳಲ್ಲಿ ಬರಿಗಾಲಿನಿಂದ ಚೆಂಡನ್ನೊದ್ದು, ಆ ಕಾಲಿನಿಂದಲೇ ಜಗತ್ತಿನ ಒಲಿಂಪಿಕ್ ಕ್ರೀಡಾಕೂಟದವರೆಗೆ ನಡೆದುಹೋದ ಕೆಲವರ ವಿಷಯವನ್ನು ನಿವೇದಿಸುವೆನು. ಆಟದ ಮಾತಿಗೆ ಇಷ್ಟು ದೊಡ್ಡ ವೇದಿಕೆ ಏಕೆಂದು ಯಾರೂ ನಗಬಾರದು. ಕೊನೆಯವರೆಗೆ ಕೇಳಿ, ಆಮೇಲೆ ತೀರ್ಪು ಹೇಳಿರಿ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಹಿಂದೊಮ್ಮೆ ಒಲಿಂಪಿಕ್ ಕೂಟದ ಸುದ್ದಿ ಪತ್ರಿಕೆಗಳಲ್ಲಿ ತುಂಬಿದ್ದಾಗ, ತರಗತಿಯಲ್ಲಿ ಮಕ್ಕಳಿಗೆ ಆ ಕೂಟದ ಇತಿಹಾಸವನ್ನು ಹೇಳುತ್ತಿದ್ದೆನು. ಗ್ರೀಸ್ ದೇಶದ ಒಲಿಂಪಿಯಾ, 1896ರ ಅಥೆನ್ಸ್, ನಮ್ಮ ಹಾಕಿ ತಂಡದ ಚಿನ್ನದ ಪದಕಗಳು, ಎಲ್ಲವನ್ನೂ ಹೇಳಿದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, "ಸಾರ್, ಫುಟ್‌ಬಾಲಿನಲ್ಲಿ ನಮ್ಮ ದೇಶದ ಮೊದಲನೆಯ ಗೋಲನ್ನು ಹೊಡೆದವರು ಯಾರು?" ಎಂದು ಕೇಳಿದನು. ನನಗೆ ತಿಳಿಯದು. ಮರುದಿನ ಹೇಳುವೆನೆಂದು ಮಾತು ತೇಲಿಸಿದೆನು. ಮನೆಗೆ ಹೋಗಿ ಹುಡುಕಿ ನೋಡಲು, ಉತ್ತರವು ನನ್ನ ಊರಿನಲ್ಲಿಯೇ ಇದ್ದಿತು! ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನನಗಾಗಿಯೇ ಹುಟ್ಟಿದಂತೆ ತೋರಿತು.

ಆ ಉತ್ತರವನ್ನು ಈಗ ತಮ್ಮ ಮುಂದಿಡುತ್ತೇನೆ. 1948ರ ಜುಲೈ 29ರಂದು ಲಂಡನ್ ನಗರದ ವೆಂಬ್ಲಿಯಲ್ಲಿ ಒಲಿಂಪಿಕ್ ಕೂಟವು ಆರಂಭವಾಯಿತು. ಸ್ವತಂತ್ರ ಭಾರತವು ತನ್ನ ಸ್ವಂತ ಧ್ವಜದಡಿಯಲ್ಲಿ ಹೋದ ಮೊದಲನೆಯ ಒಲಿಂಪಿಕ್ ಅದು. ಕಾಲ್ಚೆಂಡಾಟದ ತಂಡಕ್ಕೆ ನಾಗಾ ಸೀಮೆಯ ತಾಲಿಮೆರೆನ್ ಆವೋ ನಾಯಕರು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಕಡೆಯಿಂದ ಹೋದವರು ಒಬ್ಬಿಬ್ಬರಲ್ಲ: ಸಾರಂಗಪಾಣಿ ರಾಮನ್, ಅಹಮದ್ ಖಾನ್, ವರದರಾಜ್, ಧನರಾಜ್, ಬಷೀರ್. ಜುಲೈ 31ರಂದು ಇಲ್ಫರ್ಡ್ ಎಂಬಲ್ಲಿ ಫ್ರಾನ್ಸ್ ದೇಶದವರೊಡನೆ ಪಂದ್ಯ. ನಮ್ಮವರಲ್ಲಿ ಬಹುಮಂದಿಯ ಕಾಲಿಗೆ ಬೂಟಿಲ್ಲ. ಫ್ರಾನ್ಸಿನವರು ಮೊದಲು ಒಂದು ಗೋಲು ಹೊಡೆದರು. ಎಪ್ಪತ್ತನೆಯ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಚೆಂಡನ್ನು ಬಲೆಗೆ ಸೇರಿಸಿ ಪಂದ್ಯವನ್ನು ಸಮ ಮಾಡಿದರು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಲ್ಲಿ ಗೆದ್ದಿತು. ದೊರೆತ ಎರಡು ಪೆನಾಲ್ಟಿಗಳನ್ನು ನಮ್ಮ ತಂಡವು ಕಳೆದುಕೊಳ್ಳದಿದ್ದರೆ ಫಲಿತಾಂಶವು ಬೇರೆಯಾಗಬಹುದಾಗಿತ್ತು. ಸೋತರೇನು? ಭಾರತವು ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಹೊಡೆದ ಪ್ರಥಮ ಗೋಲು ಬೆಂಗಳೂರಿನವನ ಕಾಲಿನಿಂದ ಬಂದಿತು.

ಇದು ಆಕಸ್ಮಿಕವೆನ್ನುವಿರಾ? ನಾಲ್ಕು ವರ್ಷಗಳ ಮೇಲೆ, 1952ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕೂಟ ನಡೆಯಿತು. ಯುಗೋಸ್ಲಾವಿಯದ ಬಲಿಷ್ಠ ತಂಡವು ನಮ್ಮವರನ್ನು 10-1ರಲ್ಲಿ ಸೋಲಿಸಿತು. ಕಠೋರವಾದ ಸೋಲು, ಮರೆಮಾಚುವುದರಿಂದ ಪ್ರಯೋಜನವಿಲ್ಲ. ಚಳಿಯ ದೇಶದ ಒದ್ದೆ ಹುಲ್ಲಿನ ಮೇಲೆ ಬರಿಗಾಲು ನಿಲ್ಲಲಾರದೆಂಬುದು ಅಂದು ಸ್ಪಷ್ಟವಾಯಿತು. ಆಮೇಲೆಯೇ ನಮ್ಮ ದೇಶದಲ್ಲಿ ಆಟಗಾರರಿಗೆ ಬೂಟು ಕಡ್ಡಾಯವಾದುದು. ಆದರೆ ಆ ಹತ್ತು ಗೋಲುಗಳ ಎದುರಿಗೆ ನಿಂತ ಭಾರತದ ಆ ಒಂದೇ ಗೋಲನ್ನು, ಪಂದ್ಯವು ಮುಗಿಯುತ್ತಿದ್ದಾಗ, ಸೋಲು ನಿಶ್ಚಯವಾಗಿದ್ದರೂ ಎದೆಗುಂದದೆ, ಹೊಡೆದವರು ಯಾರು? ಬೆಂಗಳೂರಿನ ಅಹಮದ್ ಖಾನ್! ಹೀಗೆ ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತದ ಮೊದಲನೆಯ ಗೋಲೂ ಎರಡನೆಯ ಗೋಲೂ ನಮ್ಮೂರಿನವರವೇ. ಈ ಸಂಗತಿಯನ್ನು ಅರಿತ ವಿದ್ಯಾರ್ಥಿಗಳು ನಮ್ಮ ಶಾಲೆಗಳಲ್ಲಿ ಎಷ್ಟು ಮಂದಿ ಇರುವರು? ಅಷ್ಟೇಕೆ, ಉಪಾಧ್ಯಾಯರು ಎಷ್ಟು ಮಂದಿ?

ಇವರನ್ನು ನಾವು ಮರೆತುದಕ್ಕೆ ಕಾರಣವನ್ನು ವಿಚಾರಿಸಬೇಕು. ಬೆಂಗಳೂರು ಬಹುಕಾಲ ಎರಡು ಊರುಗಳಾಗಿದ್ದಿತು. ಕೆಂಪೇಗೌಡರ ಪೇಟೆ ಒಂದು; 1809ರಲ್ಲಿ ಇಂಗ್ಲಿಷರು ನೆಲೆಗೊಳಿಸಿದ ದಂಡು ಮತ್ತೊಂದು. 1881ರಲ್ಲಿ ಮೈಸೂರು ರಾಜ್ಯವು ಒಡೆಯರ ಕೈಗೆ ಹಿಂತಿರುಗಿದಾಗಲೂ ದಂಡಿನ ಪ್ರದೇಶವನ್ನು ಇಂಗ್ಲಿಷರು ತಮ್ಮ ವಶದಲ್ಲಿಯೇ ಉಳಿಸಿಕೊಂಡರು. 1947ರ ಜುಲೈ 26ರಂದು ಅದು ಮೈಸೂರಿಗೆ ಸೇರಿತು. 1949ರಲ್ಲಿ ಎರಡೂ ಪುರಸಭೆಗಳು ಕೂಡಿ ಒಂದೇ ನಗರಸಭೆಯಾದುವು. ದಂಡು ನಮ್ಮದಾಗಿ ಒಂದು ವರ್ಷ ಐದು ದಿನಗಳಿಗೆ ಸರಿಯಾಗಿ ರಾಮನ್ ಅವರ ಗೋಲು ಬಿದ್ದಿತೆಂಬುದನ್ನು ಗಮನಿಸಿರಿ. ಕಾಗದದಲ್ಲಿ ಊರು ಒಂದಾಯಿತು. ಮನಸ್ಸಿನಲ್ಲಿ ಮಾತ್ರ ಕಬ್ಬನ್ ಉದ್ಯಾನದ ಆಚೆ ಈಚೆ ಎಂಬ ಭೇದವು ಉಳಿದೇ ಉಳಿಯಿತು.

ದಂಡಿಗೆ ಈ ಆಟವನ್ನು ತಂದವರು ಗೋರಾ ಸಿಪಾಯಿಗಳು. ಅವರು ಆಡುತ್ತಿದ್ದುದನ್ನು ನಿಂತು ನೋಡಿದವರು ಸುತ್ತಣ ಬೀದಿಗಳ ಬಡ ಮಕ್ಕಳು. ನೋಡಿ ಕಲಿತವರು ಕಲಿಸಿದವರನ್ನೇ ಮೀರಿಸಿದರು. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಯು 1891ರಲ್ಲಿ ಪ್ರಾರಂಭವಾಯಿತು. ನಾಲ್ವತ್ತಕ್ಕೂ ಮೇಲ್ಪಟ್ಟ ವರ್ಷಗಳ ಕಾಲ ಅದು ಇಂಗ್ಲಿಷರ ಸೈನ್ಯದ ತಂಡಗಳ ಸೊತ್ತೆಂಬಂತೆ ಇದ್ದಿತು. 1937ರಲ್ಲಿ ಆ ಕಪ್ಪನ್ನು ಅವರ ಕೈಯಿಂದ ಕಿತ್ತುಕೊಂಡ ಮೊದಲನೆಯ ಭಾರತೀಯ ತಂಡವು ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿಯೂ ಅವರೇ ಗೆದ್ದರು. ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಮೊದಲೇ ನಮ್ಮ ದಂಡಿನ ಹುಡುಗರು ಒಂದು ಬಯಲಿನ ಮಟ್ಟಿಗಾದರೂ ಸ್ವರಾಜ್ಯವನ್ನು ಸಾಧಿಸಿದ್ದರೆಂದರೆ ಅತಿಶಯೋಕ್ತಿಯೆ? 1946-47ರ ಸಂತೋಷ್ ಟ್ರೋಫಿಯಲ್ಲಿ, ಕಾಲ್ಚೆಂಡಾಟದ ತವರೆನಿಸಿದ ಬಂಗಾಳವನ್ನೇ ಸೋಲಿಸಿ ಮೈಸೂರು ತಂಡವು ಮೊದಲನೆಯ ಬಾರಿಗೆ ವಿಜಯಿಯಾಯಿತು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಅದನ್ನು ನಾನು ಕಿವಿಯಾರೆ ಕೇಳಿರುವೆನು. ಪೇಟೆಯ ನನ್ನ ಮಿತ್ರರೊಬ್ಬರಿಗೆ ಈ ಸಂಗತಿಗಳನ್ನೆಲ್ಲ ಉತ್ಸಾಹದಿಂದ ಹೇಳಿದಾಗ ಅವರು, "ಎಲ್ಲಾ ಸರಿಯಯ್ಯ, ಅವರು ಕನ್ನಡದವರೇನು?" ಎಂದು ಕೇಳಿದರು. ದಂಡಿನ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷು ಎಲ್ಲವೂ ಕೇಳಿಬರುತ್ತವೆ. ಸೈನ್ಯದ ಹಿಂದೆ ಬಂದ ಕೂಲಿಕಾರರು, ಕಸಬುದಾರರು, ವ್ಯಾಪಾರಿಗಳು ಇಲ್ಲಿ ನೆಲಸಿ ತಲೆಮಾರುಗಳಾದುವು. ಮನೆಯ ಮಾತು ಬೇರೆಯಿರಬಹುದು. ಆದರೆ ಅವರು ಕುಡಿದ ನೀರು ಯಾವುದು? ಅವರ ಕಾಲಿಗೆ ಹತ್ತಿದ ಮಣ್ಣು ಯಾವುದು? ಎದೆಯ ಮೇಲೆ ಧರಿಸಿ ಆಡಿದ ಹೆಸರು ಯಾವುದು? ಮೈಸೂರು ಎಂಬ ಹೆಸರಿನಲ್ಲಿ ಅವರು ಬಂಗಾಳವನ್ನು ಸೋಲಿಸಿದಾಗ, "ನಾವು ಈ ನಾಡಿನವರೆ?" ಎಂದು ಅವರೇನೂ ನಮ್ಮನ್ನು ಕೇಳಲಿಲ್ಲ. ನಮಗಾಗಿ ಆಡಿ ಗೆದ್ದರು. ಗೆದ್ದಾಗ ನಮ್ಮವರು, ಎಣಿಸುವಾಗ ಹೊರಗಿನವರು ಎಂಬುದು ನ್ಯಾಯವಾದೀತೆ?

ಕನ್ನಡವನ್ನು ಪ್ರೀತಿಸುವವನಾಗಿಯೇ ನಾನು ಈ ಮಾತನ್ನು ಹೇಳುತ್ತಿರುವೆನು. ಅನೇಕ ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು 1956ರ ನವೆಂಬರ್ 1ರಂದು ಒಂದಾದುವು. ಅದೇ ತಿಂಗಳ 22ರಂದು ಮೆಲ್ಬರ್ನಿನಲ್ಲಿ ಒಲಿಂಪಿಕ್ ಕೂಟವು ಆರಂಭವಾಯಿತು. ಏಕೀಕರಣವಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಭಾರತವು ಆತಿಥೇಯ ಆಸ್ಟ್ರೇಲಿಯವನ್ನು 4-2ರಲ್ಲಿ ಸೋಲಿಸಿ ಉಪಾಂತ್ಯಕ್ಕೇರಿತು. ಏಷ್ಯಾ ಖಂಡದ ಯಾವ ದೇಶವೂ ಅದುವರೆಗೆ ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಕೊನೆಗೆ ನಾಲ್ಕನೆಯ ಸ್ಥಾನವು ದೊರೆಯಿತು. ಆ ತಂಡದಲ್ಲಿ ಮರಿಯಪ್ಪ ಕೆಂಪಯ್ಯನವರಿದ್ದರು, ಬೆಂಗಳೂರಿನವರು. ಹೊಸದಾಗಿ ಕೂಡಿದ ನಾಡಿನ ಮಗನೊಬ್ಬನು ಜಗತ್ತಿನೆದುರು ನಿಂತ ಆ ದಿನಗಳನ್ನು ಏಕೀಕರಣದ ಕಥೆಯಲ್ಲಿ ನಾವು ಎಂದಾದರೂ ಸೇರಿಸಿರುವೆವೆ?

ನಮ್ಮ ಮರೆವಿಗೆ ಇನ್ನೊಂದು ಮುಖವುಂಟು. ಅಹಮದ್ ಖಾನರು ಬಾಳಿನ ಬಹುಭಾಗ ಆಡಿದುದು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ. ಅಲ್ಲಿಯ ಜನರು ಆ ತಂಡದ ಐವರು ಮುಂಚೂಣಿಯ ಆಟಗಾರರನ್ನು ಪಂಚಪಾಂಡವರೆಂದು ಕರೆದು ಕೊಂಡಾಡಿದರು. ಅವರಲ್ಲಿ ಅಹಮದ್ ಖಾನ್, ಧನರಾಜ್ ಇಬ್ಬರೂ ನಮ್ಮ ಕಡೆಯವರು. ಚೆಂಡು ಮಾತು ಕೇಳುವಂತೆ ಆಡಿಸುತ್ತಿದ್ದುದರಿಂದ ಅಹಮದ್ ಖಾನರಿಗೆ ಹಾವಾಡಿಗನೆಂಬ ಬಿರುದು ಬಂದಿತು. ಇವರೆಲ್ಲ ಊರು ಬಿಟ್ಟುದು ಅಭಿಮಾನವಿಲ್ಲದೆ ಅಲ್ಲ. ಆಟಗಾರನಿಗೆ ಅನ್ನವನ್ನೂ ಮನ್ನಣೆಯನ್ನೂ ಕೊಡುವ ದೊಡ್ಡ ತಂಡಗಳು ಅಂದು ಅಲ್ಲಿದ್ದುವು. ಮುಂದೆ ನಮ್ಮಲ್ಲಿಯೂ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ಸ್ಥಾಪಿತವಾದ ದೂರವಾಣಿ ಕಾರ್ಖಾನೆ ಮೊದಲಾದುವು ಆಟಗಾರರಿಗೆ ಕೆಲಸ ಕೊಟ್ಟು ತಂಡಗಳನ್ನು ಕಟ್ಟಿದುವು. ಹೊಟ್ಟೆಗೆ ಹಿಟ್ಟು ದೊರೆತಲ್ಲಿ ಆಟವು ಬೆಳೆಯುವುದೆಂಬುದಕ್ಕೆ ಅದೇ ಸಾಕ್ಷಿ. 2017ರ ಆಗಸ್ಟಿನಲ್ಲಿ ಅಹಮದ್ ಖಾನರು ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರು ನಮ್ಮ ನಡುವೆ ಇದ್ದಷ್ಟು ಕಾಲ ನನ್ನಂಥ ಉಪಾಧ್ಯಾಯನು ಹತ್ತು ಮಕ್ಕಳನ್ನು ಕರೆದುಕೊಂಡು ಹೋಗಿ ಅವರ ದರ್ಶನ ಮಾಡಿಸಬಹುದಾಗಿತ್ತು. ಮಾಡಿಸಲಿಲ್ಲ. ಆ ಕೊರಗು ನನ್ನನ್ನು ಬಿಡುವುದಿಲ್ಲ.

1960ರ ರೋಮ್ ಕೂಟದಲ್ಲಿಯೂ ಕೆಂಪಯ್ಯನವರು ಭಾರತ ತಂಡದಲ್ಲಿದ್ದರು. ಅದಾದ ಮೇಲೆ ನಮ್ಮ ಪುರುಷರ ಕಾಲ್ಚೆಂಡಾಟದ ತಂಡವು ಒಲಿಂಪಿಕ್ ಮೈದಾನವನ್ನು ಕಂಡೇ ಇಲ್ಲ. ಆದರೆ ದಂಡಿನಲ್ಲಿ ಆಟವು ಸತ್ತಿಲ್ಲ. ಇಲ್ಲಿಯೇ ಹಲಸೂರಿನ ಬಳಿಯ ಗೌತಮಪುರಕ್ಕೆ ಹೋಗಿ ನೋಡಿರಿ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ವಿಗ್ರಹಗಳ ಜೊತೆಯಲ್ಲಿ ಬ್ರೆಜಿಲ್ ದೇಶದ ಪೆಲೆಯ ವಿಗ್ರಹವನ್ನು ಅಲ್ಲಿಯ ಜನರು ನಿಲ್ಲಿಸಿರುವರು. ಬಡತನದಿಂದ ಎದ್ದು ಬಂದ ಆಟಗಾರನನ್ನು ಮಹಾತ್ಮರ ಸಾಲಿನಲ್ಲಿ ನಿಲ್ಲಿಸಿದ ಆ ಹೃದಯಗಳಿಗೆ ನನ್ನ ನಮಸ್ಕಾರ. ಆದರೆ ಪೆಲೆಯನ್ನು ನೋಡಿ ಬೆಳೆಯುವ ಆ ಬೀದಿಯ ಹುಡುಗನಿಗೆ ಸಾರಂಗಪಾಣಿ ರಾಮನ್ ಹೆಸರನ್ನು ಹೇಳಬೇಕಾದವರು ಯಾರು? ಪೆಲೆ ಹುಟ್ಟಿದುದು ಸಮುದ್ರಗಳಾಚೆ. ರಾಮನ್ ಆಡಿ ಬೆಳೆದುದು ಇದೇ ಬೆಂಗಳೂರಿನಲ್ಲಿ.

2023ರ ಮಾರ್ಚಿಯಲ್ಲಿ ನಮ್ಮ ತಂಡವು ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ, ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಪಡೆಯಿತು. ಹಿಂದಿನ ನಾಲ್ಕು ಜಯಗಳೂ ಮೈಸೂರಿನ ಹೆಸರಿನಲ್ಲಿ ಬಂದುವು. ಕರ್ನಾಟಕವೆಂಬ ಹೆಸರಿನಲ್ಲಿ ಬಂದ ಪ್ರಥಮ ಜಯ ಅದು. ಬೀಜವು ಇನ್ನೂ ಜೀವದಿಂದಿದೆ, ಮಹನೀಯರೆ! ನೀರೆರೆಯುವವರು ಬೇಕು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹವು ಮೂರು. ಮೊದಲನೆಯದು, ನಾಡಿನ ಹಿರಿಯರನ್ನು ಸ್ಮರಿಸುವ ದಿನ ಈ ಆಟಗಾರರ ಹೆಸರುಗಳನ್ನೂ ಕರಿಹಲಗೆಯ ಮೇಲೆ ಬರೆಯಿರಿ. ಎರಡನೆಯದು, ದಂಡಿನ ಹಳೆಯ ಆಟಗಾರರು ಇನ್ನೂ ಬದುಕಿರುವಲ್ಲಿ ಮಕ್ಕಳನ್ನು ಅವರ ಬಳಿಗೆ ಕಳುಹಿಸಿ, ಅವರ ನೆನಪುಗಳನ್ನು ಕನ್ನಡದಲ್ಲಿ ಬರೆಯಿಸಿರಿ. ಅವರು ಹೋದ ಮೇಲೆ ಬರೆದುಕೊಳ್ಳಲು ಏನೂ ಉಳಿಯದು. ಮೂರನೆಯದು, ನಿಮ್ಮ ಬೀದಿಯ ಆಟದ ಬಯಲನ್ನು ಕಾಯಿರಿ. ಬಯಲಿಗೆ ಬೇಲಿ ಬಿದ್ದಲ್ಲಿ ಬಡವನ ಮಗನಿಗೆ ಬಾಗಿಲು ಮುಚ್ಚಿದಂತೆ. ಬೂಟಿಲ್ಲದೆ ಆಡಿದವರು ಒಲಿಂಪಿಕ್ಕಿಗೆ ಹೋದರು. ಬಯಲಿಲ್ಲದೆ ಆಡಿ ಹೋದವರನ್ನು ನಾನರಿಯೆ.

ಆ ಹುಡುಗನಿಗೆ ಮರುದಿನ ಉತ್ತರ ಹೇಳಿದೆನು. ಕೇಳಿ ಅವನು, "ಹಾಗಾದರೆ ಅವರು ನಮ್ಮೂರಿನವರೇ ಸಾರ್?" ಎಂದನು. ಹೌದು, ನಮ್ಮೂರಿನವರೇ, ನಮ್ಮವರೇ, ಎಂದೆನು. ನಾಡಿನ ಗಡಿಗಳನ್ನು ನಮ್ಮ ಹಿರಿಯರು ಕೂಡಿಸಿ ಕೊಟ್ಟುಹೋದರು. ಪೇಟೆಗೂ ದಂಡಿಗೂ ನಡುವೆ ಉಳಿದಿರುವ ಗೆರೆಯನ್ನು ಅಳಿಸುವುದು ನಮ್ಮ ಪಾಲಿನ ಕೆಲಸ. ಅದನ್ನು ಈ ಹೆಸರುಗಳಿಂದಲೇ ಆರಂಭಿಸೋಣ.